ತುಕ್ಕು ಮೀಮಾಂಸೆ ಅಥವಾ ಕರಾವಳಿಯ ರೆಟ್ರೋ ಬೈಕ್ ಸಿದ್ಧಾಂತ

ಶಾಸ್ತ್ರ ಬರೆಯಹೊರಟವನು ಮೊದಲು ನಾಲ್ಕು ಸಂಗತಿ ಹೇಳಿಬಿಡಬೇಕು ಎಂಬುದು ಹಿರಿಯರ ಕಟ್ಟಳೆ. ವಿಷಯ: ಹಳೆಯದರಂತೆ ಕಾಣುವ ಹೊಸ ಬೈಕು. ಅಧಿಕಾರಿ: ಸೊಂಟ ಗಟ್ಟಿಯಿದ್ದು, ಬ್ಯಾಂಕಿನಲ್ಲಿ ಕಂತು ಬಾಕಿಯಿರುವವನು. ಸಂಬಂಧ: ಸವಾರನಿಗೂ ಮೆಕ್ಯಾನಿಕ್ಕಿಗೂ ಇರುವಂಥದ್ದು, ಒಮ್ಮೆ ಬೆಳೆದರೆ ಕಡಿದುಕೊಳ್ಳಲಾಗದು. ಪ್ರಯೋಜನ: ಉಂಟು ಎಂದು ಮನೆಯವರನ್ನು ನಂಬಿಸುವುದಕ್ಕಾಗಿಯೇ ಈ ಗ್ರಂಥ ಹುಟ್ಟಿದೆ.

ಪೂರ್ವಪಕ್ಷವನ್ನು ಸಾಮಾನ್ಯವಾಗಿ ಮಂಡಿಸುವವರು ತಂದೆ. "ನೂರು ಸಿಸಿಯ ಗಾಡಿಯಲ್ಲಿ ಆಫೀಸಿಗೆ ಹೋಗಿ ಬರ್ಲಿಕ್ಕೆ ಆಗುದಿಲ್ವಾ? 195 ಕೆ.ಜಿ.ಯ ಈ ಸಾಮಾನು ಯಾಕೆ?" ಸಮಾಧಾನ ಹೀಗೆ: ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್‌ನ 349 ಸಿಸಿ ಎಂಜಿನ್ ಕೊಡುವುದು 20 ಅಶ್ವಶಕ್ತಿ ಮಾತ್ರ, ನಿಜ. ಆದರೆ ಅದರ 27 ನ್ಯೂಟನ್ ಮೀಟರ್ ಎಳೆತ 4,000 ಆರ್‌ಪಿಎಂನಲ್ಲೇ ಪೂರ್ತಿ ಸಿಗುವುದರಿಂದ, ಉಡುಪಿಯಿಂದ ಮಣಿಪಾಲದ ಏರಿನಲ್ಲಿ ಸಿಟಿ ಬಸ್ಸಿನ ಹಿಂದೆ ಗೇರು ಇಳಿಸುತ್ತ ಏರಿಸುತ್ತ ಒದ್ದಾಡಬೇಕಾಗಿಲ್ಲ. ತಂದೆ ಇದನ್ನು ಖಂಡಿಸುವುದಿಲ್ಲ. ಪೆಟ್ರೋಲ್ ಬಂಕಿನ ಚೀಟಿ ಎತ್ತಿ ಮುಂದಿಡುತ್ತಾರೆ. ಅದು ಪ್ರತ್ಯಕ್ಷ ಪ್ರಮಾಣ. ಆದ್ದರಿಂದ ಗ್ರಂಥಕಾರನು ಅವಸರವಾಗಿ ಮುಂದಿನ ಪಾದಕ್ಕೆ ಹೋಗುತ್ತಾನೆ.

ಕಾಪು ಪಾದ

ಸೂತ್ರ: ಕಡಲು ಕಂಡಲ್ಲಿ ಕ್ರೋಮ್ ಕಂದುವುದು.

ಇಂಗ್ಲೆಂಡಿನ ರೆಡ್ಡಿಚ್‌ನಲ್ಲಿ ಮೊದಲ ರಾಯಲ್ ಎನ್‌ಫೀಲ್ಡ್ ಮೋಟಾರ್ ಸೈಕಲ್ ತಯಾರಾದದ್ದು 1901ರಲ್ಲಿ. ಕಾಪುವಿನ ಬಂಡೆಯ ಮೇಲೆ ದೀಪಸ್ತಂಭ ಎದ್ದದ್ದೂ 1901ರಲ್ಲಿ. ಇದನ್ನು ಕಾಕತಾಳೀಯ ಎನ್ನುವವರು ಸಂಶೋಧಕರೇ ಅಲ್ಲ. ಮುಂದೊಂದು ದಿನ ತನ್ನ ಬುಡದಲ್ಲಿ ಭಾನುವಾರ ಸಂಜೆ ಸಾಲುಗಟ್ಟಿ ನಿಲ್ಲಲಿರುವ ಗಾಡಿಗಳಿಗೆ ಬೆಳಕು ತೋರಿಸಲಿಕ್ಕೆಂದೇ ದೀಪಸ್ತಂಭ ಹುಟ್ಟಿತೆಂಬುದು ನಮ್ಮ ನಿಲುವು. ಹಡಗಿನವರು ಅದನ್ನು ಬಳಸಿಕೊಂಡದ್ದು ಆನುಷಂಗಿಕ.

ಭಾಷ್ಯ: ಕ್ರೋಮ್ ತಾನಾಗಿ ತುಕ್ಕು ಹಿಡಿಯುವುದಿಲ್ಲ. ಆದರೆ ಅದರ ಲೇಪ ಬಲು ತೆಳು, ಕಣ್ಣಿಗೆ ಕಾಣದ ರಂಧ್ರಗಳು ಅದರಲ್ಲಿರುತ್ತವೆ. ಉಪ್ಪುಗಾಳಿಯ ತೇವ ಆ ದಾರಿಯಾಗಿ ಒಳಗಿನ ಕಬ್ಬಿಣವನ್ನು ಮುಟ್ಟುತ್ತದೆ. ಮೊದಲ ಕಂದು ಚುಕ್ಕೆ ಮೂಡುವುದು ಟ್ಯಾಂಕಿನ ಮೇಲಲ್ಲ, ಅಲ್ಲಿ ಸವಾರ ದಿನವೂ ಒರೆಸುತ್ತಾನೆ. ಅದು ಹುಟ್ಟುವುದು ರಿಮ್ಮಿನೊಳಗೆ, ಸ್ಪೋಕ್ ತಲೆ ತೂರಿಸಿದ ನಿಪ್ಪಲ್ಲಿನ ಬುಡದಲ್ಲಿ, ಬಟ್ಟೆಯೂ ಬೆರಳೂ ಹೋಗದ ಕಡೆ. ಒಂದು ಮಳೆಗಾಲ ಕಳೆಯುವಾಗ ಅದಕ್ಕೆ ಬಂಧುಬಳಗ ಕೂಡಿಕೊಂಡಿರುತ್ತದೆ. ಮುಂದಿನ ಫೋರ್ಕಿನ ನುಣುಪು ನಳಿಕೆಯಲ್ಲಿ ಇಂಥದೇ ಚುಕ್ಕೆ ಎದ್ದರೆ ಆಯಿಲ್ ಸೀಲು ಹರಿದು, ಹೊಂಡಕ್ಕೆ ಬಿದ್ದಾಗಲೆಲ್ಲ ಎಣ್ಣೆ ಸೋರುತ್ತದೆ.

ಇಲ್ಲಿ ಒಂದು ಕಾನೂನಿನ ತೊಡಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊರತಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಹಾಗಾದರೆ ಮಾಲೀಕನ ಒಪ್ಪಿಗೆಯಿಲ್ಲದೆ, ಆರ್‌ಟಿಒಗೆ ಅರ್ಜಿ ಹಾಕದೆ ಕೆಎ-20 ಗಾಡಿಗಳ ಬಣ್ಣವನ್ನೂ ಸದ್ದನ್ನೂ ಬದಲಿಸುತ್ತಿರುವ ಅರಬ್ಬೀ ಸಮುದ್ರಕ್ಕೆ ಈ ಕಲಂ ಅನ್ವಯಿಸುತ್ತದೆಯೇ? ವಿದ್ವಾಂಸರು ಮೌನವಾಗಿದ್ದಾರೆ.

ಉಡುಪಿ ಪಾದ

ಸೂತ್ರ: ಭೇದವೇ ಸತ್ಯ, ತಳ್ಳಿದವನೇ ಸಾಕ್ಷಿ.

ಮಧ್ವಾಚಾರ್ಯರ ಊರಿನಲ್ಲಿ ಭೇದವನ್ನು ಅಲ್ಲಗಳೆಯಲಾಗದು. ಸವಾರನೂ ಗಾಡಿಯೂ ಒಂದೇ ಎಂದು ಜಾಹೀರಾತುಗಳು ಸಾರುತ್ತವೆ. ಪೆಟ್ರೋಲ್ ಮುಗಿದು ಕಲ್ಸಂಕದಿಂದ ತಳ್ಳಿಕೊಂಡು ಬರುವಾಗ ಇಬ್ಬರೂ ಬೇರೆಬೇರೆ ಎಂಬುದು ನಿಸ್ಸಂದೇಹವಾಗಿ ಸಿದ್ಧವಾಗುತ್ತದೆ.

ಕಗ್ಗಂಟಾಗುವುದು ಮೈಸೂರಿನ ಪಂಥದಿಂದ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾಗಳನ್ನೂ, 1973ರಿಂದ ಯೆಜ್ಡಿಗಳನ್ನೂ ತಯಾರಿಸಿ 1996ರಲ್ಲಿ ಬಾಗಿಲು ಹಾಕಿತು. ಆ 250 ಸಿಸಿ ಗಾಡಿಗೆ ಸಿಲಿಂಡರ್ ಒಂದು, ಸೈಲೆನ್ಸರ್ ಎರಡು, ಇದು ದ್ವೈತ. ಆದರೆ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್, ಇದು ಅದ್ವೈತ. ಒಂದೇ ಯಂತ್ರದಲ್ಲಿ ಎರಡೂ ದರ್ಶನಗಳನ್ನು ಕೂರಿಸಿದ ಕೀರ್ತಿ ಮೈಸೂರಿಗೆ ಸಲ್ಲಬೇಕು. ಹೊಗೆಯಿದ್ದಲ್ಲಿ ಬೆಂಕಿ ಇದ್ದೇ ಇದೆ ಎಂಬ ತಾರ್ಕಿಕರ ನಿಯಮವೂ ಇದರ ಮುಂದೆ ಸೊರಗುತ್ತದೆ. ಮಳೆಗಾಲದ ಬೆಳಿಗ್ಗೆ ಎಷ್ಟು ಒದ್ದರೂ ಟೂ ಸ್ಟ್ರೋಕ್ ಎಂಜಿನ್ ತುಸು ಹೊಗೆ ಉಗುಳಿ ಸುಮ್ಮನಾಗುತ್ತದೆ. ಬೆಂಕಿ ಇರುವುದು ಒದೆಯುವವನ ತಲೆಯಲ್ಲಿ. 2018ರಲ್ಲಿ ಮತ್ತೆ ಬಂದ ಜಾವಾ 293 ಸಿಸಿಯ ಫೋರ್ ಸ್ಟ್ರೋಕ್. ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್ ಎಂಬ ಸಂಪ್ರದಾಯವನ್ನು ಮಾತ್ರ ಅದು ಬಿಟ್ಟಿಲ್ಲ.

ಇನ್ನು ಸೈಲೆನ್ಸರ್ ಪರ್ಯಾಯ. ಮಠದಲ್ಲಿ ಪೂಜೆಯ ಪಾಳಿ ಎರಡು ವರ್ಷಕ್ಕೊಮ್ಮೆ, ಜನವರಿ 18ರಂದು ಬದಲಾಗುತ್ತದೆ. ಸೈಲೆನ್ಸರಿನ ಪಾಳಿಗೆ ತಿಥಿ ನಕ್ಷತ್ರಗಳಿಲ್ಲ, ಪೊಲೀಸರ ತಪಾಸಣೆಯೇ ಮುಹೂರ್ತ. ವರ್ಕ್‌ಶಾಪಿನಲ್ಲಿ ದಾಖಲಾದ ಗುರುಶಿಷ್ಯ ಸಂವಾದ ಹೀಗಿದೆ:

"ಅಣ್ಣ, ಸೌಂಡ್ ಸ್ವಲ್ಪ ದಪ್ಪ ಬರಬೇಕು."

"ಯಾವುದು ಬೇಕು? ಪಂಜಾಬ್ ಉಂಟು, ಇಂದೋರಿ ಉಂಟು, ಮೆಗಾಫೋನ್ ಉಂಟು."

"ಮನೆಯವರಿಗೆ ಗೊತ್ತಾಗಬಾರದು."

"ಹಾಗಾದ್ರೆ ಕಂಪೆನಿದೇ ಒಳ್ಳೇದು ಮಾರಾಯ. ಹಾಕುದಾದ್ರೂ ಹಳೇದನ್ನು ಬಿಸಾಡ್ಬೇಡ, ಅಟ್ಟದಲ್ಲಿಡು. ನಾಳೆ ಅದೇ ಬೇಕಾಗ್ತದೆ."

ಕರ್ನಾಟಕದ ಹಲವು ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಹರವಿ ರೋಡ್ ರೋಲರ್ ಹತ್ತಿಸಿದ್ದುಂಟು. ದಪ್ಪ ಸದ್ದು ಚಪ್ಪಟೆಯಾಗುವುದನ್ನು ಕಣ್ಣಾರೆ ಕಂಡವರು ಗುರುವಾಕ್ಯವನ್ನು ಮತ್ತೆ ಮೀರಿಲ್ಲ.

ಮಣಿಪಾಲ ಪಾದ

ಸೂತ್ರ: ಹಿಂದಿನ ಸವಾರ ಮಾಡಿದ್ದು ಇಂದಿನ ಸವಾರನಿಗೆ.

ಪುನರ್ಜನ್ಮಕ್ಕೆ ಪುರಾವೆ ಕೇಳುವವರು ಟೈಗರ್ ಸರ್ಕಲ್ಲಿನಲ್ಲಿ ಹೊತ್ತು ಕಳೆಯಬೇಕು. ಅಲ್ಲಿ ಒಂದು ಬೈಕಿಗೆ ಒಂದು ಜನ್ಮವೆಂದರೆ ಒಂದು ಡಿಗ್ರಿ. ದೆಹಲಿಯ ನಂಬರಿನಲ್ಲಿ ಬಂದ ಗಾಡಿ ನಾಲ್ಕು ವರ್ಷ ಎಂಡ್ ಪಾಯಿಂಟ್ ಸುತ್ತಿ, ಒಡೆಯ ಎಂಜಿನಿಯರ್ ಆಗಿ ಹೊರಟಾಗ ಕೇರಳದ ಹುಡುಗನ ಪಾಲಾಗುತ್ತದೆ. ಎನ್‌ಒಸಿ ಕೈಸೇರುವವರೆಗೂ ಅದು ತ್ರಿಶಂಕು.

ಕರ್ಮ ಇಲ್ಲಿ ಮೂರು ಬಗೆ. ಹಿಂದಿನವರು ಹಾಕಿಸಿದ ಎತ್ತರದ ಹ್ಯಾಂಡಲ್, ಮೂರು ಹಾರ್ನ್, ಕತ್ತರಿಸಿದ ಹಿಂದಿನ ಮಡ್‌ಗಾರ್ಡ್ ಇವು ಸಂಚಿತ. ಮಡ್‌ಗಾರ್ಡ್ ಇಲ್ಲದ್ದರಿಂದ ಈಗಿನವನ ಬೆನ್ನಿಗೆ ಸೊಂಟದಿಂದ ಕುತ್ತಿಗೆಯವರೆಗೆ ಏರುವ ಕೆಸರಿನ ಗೀಟು, ಮತ್ತು ಹೆಚ್ಚುವರಿ ಲೈಟಿಗೆಂದು ವೈರ್ ಕತ್ತರಿಸಿ ಟೇಪು ಸುತ್ತಿದ ಕಡೆ ನೀರು ಹೊಕ್ಕು ಆರುವ ಹೆಡ್‌ಲೈಟ್, ಇವು ಪ್ರಾರಬ್ಧ, ಅನುಭವಿಸಿಯೇ ತೀರಬೇಕು. ಹಾಸ್ಟೆಲಿನಲ್ಲಿ ರಾತ್ರಿ ಕುಳಿತು ಆನ್‌ಲೈನಿನಲ್ಲಿ ತರಿಸುತ್ತಿರುವ ಚರ್ಮದ ಚೀಲ ಆಗಾಮಿ. ಕಂಪೆನಿ ಕೊಟ್ಟ ಸ್ಥಿತಿಗೆ ಗಾಡಿಯನ್ನು ಮರಳಿಸುವುದೇ ಮೋಕ್ಷ. ಅದರ ಖರ್ಚು ಕೇಳಿದವರು ಸಂಸಾರದಲ್ಲೇ ಉಳಿಯುತ್ತಾರೆ.

ಕಾರ್ಕಳ ಪಾದ

ಸೂತ್ರ: ಬಿಡಿಭಾಗವಿಲ್ಲದವನಿಗೆ ತುಕ್ಕಿಲ್ಲ.

ಪರ್ಕಳ, ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳಕ್ಕೆ ಹೋಗುವುದನ್ನು ನಮ್ಮ ಸವಾರರು 'ಟೂರಿಂಗ್' ಎನ್ನುತ್ತಾರೆ. ಮನೆಯಲ್ಲಿ ಅದಕ್ಕೆ 'ಎಲ್ಲಿ ಹಾಳಾಗಿ ಹೋಗಿದ್ದಿ' ಎಂಬ ಪಾಠಾಂತರವಿದೆ. ಮುಂದೆ ಬಜಗೋಳಿಯಿಂದ ಕುದುರೆಮುಖದ ಕಡೆಗೆ, ಅಥವಾ ಹೆಬ್ರಿಯಿಂದ ಆಗುಂಬೆಯ 14 ತಿರುವುಗಳ ಕಡೆಗೆ ಹೋದವರಿಗೆ ಎರಡು ಸತ್ಯ ಗೋಚರಿಸುತ್ತವೆ. ಒಂದು, ಸ್ಪೋಕ್ ಚಕ್ರ ಫೋಟೋದಲ್ಲಿ ಚಂದ. ಆದರೆ ಅದರೊಳಗಿರುವುದು ಟ್ಯೂಬು. ಮೊಳೆ ಹೊಕ್ಕರೆ ಗಾಳಿ ಒಮ್ಮೆಗೇ ಹೋಗುತ್ತದೆ, ಚಕ್ರವನ್ನೇ ಬಿಚ್ಚಬೇಕು. ಅಲಾಯ್ ಚಕ್ರದ ಟ್ಯೂಬ್‌ಲೆಸ್ ಟೈರಿಗಾದರೆ ಚಕ್ರ ಬಿಚ್ಚದೆ ಹೊರಗಿನಿಂದಲೇ ಪ್ಲಗ್ ಚುಚ್ಚಿ ಮುಂದೆ ಹೋಗಬಹುದು. ಎರಡು, ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ಚರ್ಮದ ಚೀಲಕ್ಕೆ ಆಟಿ ತಿಂಗಳೊಳಗೆ ಬೂಷ್ಟು ಹಿಡಿದು, ಅದರಲ್ಲಿಟ್ಟ ಅಂಗಿಗೂ ಅದೇ ವಾಸನೆ ಬರುತ್ತದೆ.

ಕಾರ್ಕಳದ ಬಂಡೆಗುಡ್ಡದ ಮೇಲೆ 1432ರಿಂದ 42 ಅಡಿಯ ಗೊಮ್ಮಟ ಬಯಲಲ್ಲೇ ನಿಂತಿದ್ದಾನೆ. ಮೈಮೇಲೆ ಕ್ರೋಮ್ ಇಲ್ಲ, ಕ್ರ್ಯಾಶ್ ಗಾರ್ಡ್ ಇಲ್ಲ. ಮಹಾಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ ಸಾಕು. ಬುಡದಲ್ಲಿ ನಿಲ್ಲಿಸಿದ ಬೈಕಿಗೆ ವಾರಕ್ಕೊಮ್ಮೆಯೂ ಸಾಲದು. ಎಲ್ಲವನ್ನೂ ಬಿಟ್ಟವನು ಆರು ಶತಮಾನ ಬಾಳಿದ. ಎಲ್ಲವನ್ನೂ ಹಾಕಿಸಿಕೊಂಡದ್ದು ಆರು ಮಳೆಗಾಲಕ್ಕೆ ಬಸವಳಿಯಿತು. ಇದರಿಂದ ಹೊರಡುವ ಸಿದ್ಧಾಂತ: ಹೊಸದನ್ನು ಹಳೆಯದಾಗಿ ಕಾಣಿಸಲು ಒಂದು ದುಡ್ಡು, ಅದು ನಿಜವಾಗಿ ಹಳೆಯದಾಗದಂತೆ ತಡೆಯಲು ಇನ್ನೊಂದು ದುಡ್ಡು. ಮೊದಲನೆಯದನ್ನು ಅಂಗಡಿಯವನು ಹೇಳುತ್ತಾನೆ, ಎರಡನೆಯದನ್ನು ಸಮುದ್ರ ಹೇಳುತ್ತದೆ.

ಫಲಶ್ರುತಿ

ಬೀಚಿನಿಂದ ಬಂದ ದಿನವೇ ಯಾರು ಗಾಡಿಯನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೈನಿಗೆ ಲ್ಯೂಬ್ ಹಾಕುತ್ತಾರೋ, ಮಳೆಗಾಲಕ್ಕೆ ಮುಂಚೆ ಅಡಿಭಾಗದ ಕಬ್ಬಿಣಕ್ಕೆ ಹಳೆ ಎಂಜಿನ್ ಆಯಿಲ್ ಸವರಿ, ಬ್ರೇಕಿನ ಡಿಸ್ಕಿಗೆ ಮಾತ್ರ ಅದು ತಾಗದಂತೆ ನೋಡಿಕೊಳ್ಳುತ್ತಾರೋ, ಅವರ ಸ್ಪೋಕುಗಳು ಚಿರಾಯುವಾಗುತ್ತವೆ, ಅವರ ಸೆಲ್ಫ್ ಜೂನಿನಲ್ಲೂ ಕೈಕೊಡುವುದಿಲ್ಲ. ಇದೇನನ್ನೂ ಮಾಡದೆ ಬರಿದೇ ಈ ಗ್ರಂಥವನ್ನು ಪಠಿಸಿದವರ ಬೈಕು ಎರಡೇ ಮಳೆಗಾಲದಲ್ಲಿ ಅಪ್ಪಟ ವಿಂಟೇಜ್ ಆಗುತ್ತದೆ. ಅದಕ್ಕೆ ಅಂಗಡಿಯವರು ಹೆಚ್ಚುವರಿ ಹಣ ಕೇಳುವುದಿಲ್ಲ.