ಬಾಯಿ ಆಡಿಸಿದ್ದು ನಾನು, ಹುಟ್ಟುಹಬ್ಬ ಅವರದು!

1926ರ ಜನವರಿ 26. ಲಂಡನ್ನಿನ ಸೋಹೋ ಬಡಾವಣೆ, ಫ್ರಿತ್ ಸ್ಟ್ರೀಟ್, 22ನೇ ನಂಬರಿನ ಮನೆಯ ಮಹಡಿ. ಸ್ಕಾಟ್ಲೆಂಡಿನ ಜಾನ್ ಲೋಗಿ ಬೇರ್ಡ್ ಅಂದು ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸುಮಾರು 40 ಸದಸ್ಯರಿಗೆ ಟಿ.ವಿ. ತೋರಿಸಿದ. ಆ ಲೆಕ್ಕದಲ್ಲಿ 2026ಕ್ಕೆ ಟಿ.ವಿ.ಗೆ ನೂರು. ಬೇರ್ಡ್‌ನ ಪರದೆಯ ಮೊದಲ ‘ಸ್ಟಾರ್’ ಸ್ಟೂಕಿ ಬಿಲ್ ಎಂಬ ಮಾತಾಡುವ ಗೊಂಬೆಯ ತಲೆ. ಆ ಹಿರಿಯ ಕಲಾವಿದರು ನಮ್ಮೊಂದಿಗೆ ‘ಎಕ್ಸ್‌ಕ್ಲೂಸಿವ್’ ಆಗಿ ಮಾತಾಡಿದ್ದಾರೆ.

ಶತಮಾನೋತ್ಸವದ ಶುಭಾಶಯ ಸಾರ್!

ಯಾವ ಶತಮಾನೋತ್ಸವ ಸ್ವಾಮಿ? ನನ್ನ ಮುಖ ನೆಟ್ಟಗೆ ಮೂಡಿದ್ದು 1925ರ ಅಕ್ಟೋಬರ್ 2ಕ್ಕೆ. ಆದರೆ ದೊಡ್ಡವರು ಬಂದು ನೋಡಿ ತಲೆಯಾಡಿಸಿದ ದಿನವೇ ಹುಟ್ಟಿದ ದಿನ ಅಂತಾಯಿತು. ಅಮೆರಿಕದವರನ್ನು ಕೇಳಿ, ಫಿಲೋ ಫಾರ್ನ್ಸ್‌ವರ್ತ್ ಎಲೆಕ್ಟ್ರಾನಿಕ್ ಟಿ.ವಿ. ತೋರಿಸಿದ 1927ರ ಸೆಪ್ಟೆಂಬರ್ 7 ಅನ್ನುತ್ತಾರೆ. ಬಿಬಿಸಿಗೆ 1936ರ ನವೆಂಬರ್ 2. ವಿಶ್ವಸಂಸ್ಥೆಯ ಟಿ.ವಿ. ದಿನ ಪ್ರತಿವರ್ಷ ನವೆಂಬರ್ 21. ನಿಮ್ಮ ದೂರದರ್ಶನಕ್ಕೆ 1959ರ ಸೆಪ್ಟೆಂಬರ್ 15. ನಿಮ್ಮ ಕಡೆ ಹಳಬರಿಗೆಲ್ಲ ಶಾಲೆಯ ಮೇಷ್ಟ್ರು ಬರೆದದ್ದೇ ಜನ್ಮದಿನವಂತೆ. ಟಿ.ವಿ.ಗೂ ಅದೇ ಕಥೆ, ಮೇಷ್ಟ್ರು ಮಾತ್ರ ಆರು ಜನ!

ಇಡೀ ಲಂಡನ್ ಬಿಟ್ಟು ನಿಮ್ಮನ್ನೇ ಯಾಕೆ ಆರಿಸಿದರು? ಪ್ರತಿಭೆ ನೋಡಿಯೇ?

ಪ್ರತಿಭೆಯಲ್ಲ, ತಾಳ್ಮೆ. ಆ ದೀಪಗಳ ಝಳದಲ್ಲಿ ಮನುಷ್ಯಮಾತ್ರದವನು ಕೂರುವಂತಿರಲಿಲ್ಲ. ನನ್ನ ಕೂದಲು ಸೀದುಹೋಯಿತು, ಮುಖ ಬಿರುಕು ಬಿಟ್ಟಿತು. ನಗು ಮಾತ್ರ ಹೋಗಲಿಲ್ಲ, ಅದು ಬಣ್ಣದಲ್ಲಿ ಬರೆದದ್ದು. ಬೇರ್ಡ್ ಮೊದಲ ಯಂತ್ರ ಕಟ್ಟಿದ್ದು ಟೀ ಪೆಟ್ಟಿಗೆ, ಹ್ಯಾಟಿನ ಡಬ್ಬ, ದಬ್ಬಣ, ಸೈಕಲ್ ದೀಪದ ಗಾಜು, ಅರಗು ಇಂಥ ಗುಜರಿ ಸೇರಿಸಿ. ದೊಡ್ಡ ತಟ್ಟೆಯೊಂದು ಗರಗರ ತಿರುಗಿ ನನ್ನ ಮುಖವನ್ನು 30 ಗೆರೆಗಳಾಗಿ ಸೀಳುತ್ತಿತ್ತು. ನೋಡಲು ಬಂದ ಹಿರಿಯರೊಬ್ಬರ ಉದ್ದ ಗಡ್ಡ ಚಕ್ರಕ್ಕೆ ಸಿಕ್ಕಿಕೊಂಡಿತ್ತು ಎಂದು ಬೇರ್ಡ್‌ನೇ ಬರೆದುಕೊಂಡಿದ್ದಾನೆ. ಟಿ.ವಿ.ಗೆ ಅಂಟಿಕೊಂಡ ಮೊದಲ ವೀಕ್ಷಕ ಅಂದರೆ ಆತನೇ!

ಪರದೆಗೆ ಬಂದ ಮೊದಲ ಮನುಷ್ಯ?

ಕೆಳಗಿನ ಮಹಡಿಯ ಆಫೀಸ್ ಹುಡುಗ ವಿಲಿಯಂ ಟೇಂಟನ್. ಬೇರ್ಡ್ ಓಡಿಹೋಗಿ ಕರೆತಂದು ನನ್ನ ಜಾಗದಲ್ಲಿ ಕೂರಿಸಿದ. ಬಿಸಿಗೆ ಹೆದರಿ ಹುಡುಗ ಎದ್ದುಬಿಟ್ಟ. ಅರ್ಧ ಕ್ರೌನ್ ಕೈಗಿಟ್ಟ ಮೇಲೆ ಮತ್ತೆ ಕೂತ. ನಾಲಿಗೆ ಚಾಚು ಅಂದಾಗ ಚಾಚಿದ. ಈಗಿನ ಸಂಜೆಯ ಚರ್ಚೆಗಳಲ್ಲಿ ನಾಲಿಗೆ ಹೊರಗೆ ಹಾಕಿ ಅಂತ ಯಾರೂ ಹೇಳಿಕೊಡಬೇಕಿಲ್ಲ. ಒಳಗೆ ಹಾಕಿಸುವುದೇ ಕಷ್ಟ.

ಆಗಿನ ಟಿ.ವಿ.ಗೂ ಈಗಿನದಕ್ಕೂ ಏನು ವ್ಯತ್ಯಾಸ ಕಾಣುತ್ತೀರಿ?

ಆಗ ಬಾಯಿ ಆಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಈಗ ಒಂದೇ ಪರದೆಯಲ್ಲಿ ಎಂಟು ಬಾಯಿ, ಎಂಟರ ಸದ್ದೂ ಒಟ್ಟಿಗೆ. ಎರಡರಲ್ಲೂ ವಿಷಯ ತಿಳಿಯುವುದು ಅಷ್ಟಕ್ಕಷ್ಟೆ.

ಕರ್ನಾಟಕದವರು ನೆನಪಿಡಬೇಕಾದ ದಿನ ಯಾವುದಾದರೂ ಇದೆಯೇ?

1975ರ ಆಗಸ್ಟ್ 1. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಹಳ್ಳಿಗಳಿಗೆ ಟಿ.ವಿ. ಬಂತು. ಆ ಪ್ರಯೋಗಕ್ಕೆ ‘ಸೈಟ್’ ಅನ್ನುತ್ತಿದ್ದರು, ನೀವು ಖಾತೆ ಮಾಡಿಸುವ ಸೈಟ್ ಅಲ್ಲ. ರಾಯಚೂರು, ಬಿಜಾಪುರ, ಗುಲ್ಬರ್ಗಾ ಜಿಲ್ಲೆಗಳ ರೈತರು ಊರಿಗೊಂದು ಪೆಟ್ಟಿಗೆಯ ಮುಂದೆ ಕೂತು ಬೇಸಾಯ, ಆರೋಗ್ಯದ ಪಾಠ ನೋಡಿದರು, ಅದೂ ಬೆಂಗಳೂರು ಕೇಂದ್ರ ಶುರುವಾಗುವ ಮೊದಲೇ! ಅನುದಾನ, ರಸ್ತೆ, ರೈಲು ಎಲ್ಲವೂ ತಡವಾಗಿ ತಲುಪುವ ಉತ್ತರ ಕರ್ನಾಟಕ ರಾಜಧಾನಿಗಿಂತ ಮುಂದಿದ್ದ ಒಂದು ಸಂದರ್ಭವಿದು. 50 ತುಂಬಿದಾಗ ಎಷ್ಟು ಕಡೆ ಕೇಕ್ ಕತ್ತರಿಸಿದರು, ನೀವೇ ಹೇಳಿ.

ಬೇರ್ಡ್‌ಗೆ ಒಳ್ಳೆಯ ಪ್ರತಿಫಲ ಸಿಕ್ಕಿರಬೇಕು?

ಸಿಕ್ಕಿತಲ್ಲ, ಮೂರು ತಿಂಗಳ ಅವಕಾಶ! 1936ರಲ್ಲಿ ಬಿಬಿಸಿ ಒಂದು ವಾರ ಅವನ 240 ಗೆರೆಯ ಯಂತ್ರ, ಮುಂದಿನ ವಾರ ಮಾರ್ಕೋನಿ-ಇಎಂಐನ 405 ಗೆರೆಯದು ಅಂತ ಸರದಿ ಹಚ್ಚಿತು. 1937ರ ಫೆಬ್ರುವರಿಗೆ ಬೇರ್ಡ್‌ನದನ್ನು ಕೈಬಿಟ್ಟಿತು. 1946ರಲ್ಲಿ ತೀರಿಕೊಂಡ. ಜಯಂತಿಯ ಭಾಷಣಗಳಲ್ಲಿ ಜನವರಿ ಇರುತ್ತದೆ, ಈ ಫೆಬ್ರುವರಿ ಇರುವುದಿಲ್ಲ.

ಕೊನೆಯದಾಗಿ, ನಮ್ಮ ಓದುಗರಿಗೆ ಏನು ಹೇಳುತ್ತೀರಿ?

ಟಿ.ವಿ. ನೋಡಬೇಡಿ ಅನ್ನಲಾರೆ, ಅನ್ನ ಕೊಟ್ಟ ಮನೆ. ಆದರೆ ಪರದೆಯಲ್ಲಿ ಯಾವ ಬಾಯಿ ಆಡಿದರೂ ಅದನ್ನು ಆಡಿಸುತ್ತಿರುವ ಕೈ ಯಾರದು ಅಂತ ಒಮ್ಮೆ ಕೇಳಿಕೊಳ್ಳಿ. ನಾನು ಗೊಂಬೆ ಅನ್ನುವುದನ್ನು ಅಂದು ಯಾರೂ ಮುಚ್ಚಿಟ್ಟಿರಲಿಲ್ಲ.