ಸೂಜಿಗೆ ಹೆದರಿದ ಭಾವ

ಮುತ್ತತ್ತಿರಾಯನಿಗೆ ಕೈಮುಗಿದು, ಕಾವೇರಿ ದಡದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದ್ದೆವು. ಭಾವ ಮಚ್ಚಿನಲ್ಲಿ ಟಕಟಕ ಮೂಳೆ ತುಂಡರಿಸುತ್ತಿದ್ದರು. “ಮಳವಳ್ಳೀಲಿ ರಕ್ತದಾನ ಶಿಬಿರ ಅದೆ, ಬನ್ನಿ ಭಾವ” ಅಂದೆ. ಮಚ್ಚು ನಿಂತೇ ಹೋಯಿತು.

“ಸೂಜಿ ಕಂಡ್ರೆ ನಂಗೆ ಕಣ್ಕತ್ಲೆ ಬತ್ತದೆ ಕಣೋ. ಅಲ್ದೆ, ರಕ್ತ ಕೊಟ್ರೆ ನಿಸ್ಸಕ್ತಿಯಂತೆ.”

ನಿಶ್ಶಕ್ತಿ! ಆಳು ತೊಂಬತ್ತು ಕೆ.ಜಿ.; ಮೈಯಲ್ಲಿ ರಕ್ತ ಐದು ಲೀಟರಿಗೂ ಮೇಲೆ. ಕೇಳುವುದು 350 ಮಿ.ಲೀ. ಉಪ್ಪು ನೋಡುವ ನೆಪದಲ್ಲಿ ಅವರು ಹೀರಿದ ಬಾಡಿನ ಸಾರೇ ಅದಕ್ಕಿಂತ ಜಾಸ್ತಿ. ಕಾಡಿನ ಉಣ್ಣೆಗಳಿಗಂತೂ ಧಾರಾಳ ದಾನ, ತಕರಾರೇ ಇಲ್ಲ.

“ಮುಂದಿನ ವರ್ಸ ನೋಡಾವ” ಎಂದರು. ಹೋದ ವರ್ಷವೂ ಅದೇ ಮಾತು. ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ಕೊಡಬಹುದು. ನಮ್ಮಕ್ಕ ಆಗಲೇ ಎರಡು ಸಲ ಕೊಟ್ಟು ಬಂದಿದ್ದಾಳೆ.