ನಕ್ಷತ್ರಿಕನಿಗೂ ತಾಲೀಮು ಕೊಡಿ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಟಕದ ಮೇಷ್ಟ್ರುಗಳಿಗೆ ಬಹಿರಂಗ ಪತ್ರ

ಪೂಜ್ಯ ಮೇಷ್ಟ್ರುಗಳೇ,

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಹಳ್ಳಿಗಳಲ್ಲಿ ಇವತ್ತಿಗೂ ಬೆಳಗಿನ ಜಾವದವರೆಗೆ ಪೌರಾಣಿಕ ನಾಟಕ ನಡೆಯುತ್ತಿದೆ ಎಂದರೆ ಅದು ನಿಮ್ಮ ಪುಣ್ಯ. ಹೊಲದಿಂದ ಬಂದವನಿಗೆ, ಮಗ್ಗ ನಿಲ್ಲಿಸಿ ಬಂದವನಿಗೆ, ಕಾರ್ಖಾನೆಯ ಪಾಳಿ ಮುಗಿಸಿ ಬಂದವನಿಗೆ ಹಾರ್ಮೋನಿಯಂ ಮುಂದೆ ಕೂರಿಸಿಕೊಂಡು ತಿಂಗಳುಗಟ್ಟಲೆ ಪದ ಕಲಿಸುತ್ತೀರಿ. ಶ್ರುತಿ ತಪ್ಪಿದರೆ ಗದರುತ್ತೀರಿ, ಮಾತು ಮರೆತರೆ ಮತ್ತೆ ಹೇಳಿಕೊಡುತ್ತೀರಿ. ಆ ಸಹನೆಯ ಮೇಲಿನ ಗೌರವದಿಂದಲೇ ನಿಮ್ಮಲ್ಲಿ ಒಂದು ಮಾತು ಕೇಳುತ್ತಿದ್ದೇನೆ.

ಹಾಸ್ಯದ ಪಾತ್ರವನ್ನು ಯಾಕೆ ಯಾರೂ ಕಲಿಸುತ್ತಿಲ್ಲ?

ಪಾತ್ರಕ್ಕೆ ಇಷ್ಟು ಅಂತ ಹಣ ಹಾಕಿ ಆಡುವ ನಾಟಕಗಳಲ್ಲಿ ದುರ್ಯೋಧನನಿಗೆ, ಕೃಷ್ಣನಿಗೆ, ಹರಿಶ್ಚಂದ್ರನಿಗೆ ಪೈಪೋಟಿ ಇರುತ್ತದೆ. ಕಿರೀಟ ಅವರದು, ಫ್ಲೆಕ್ಸಿನಲ್ಲಿ ದೊಡ್ಡ ಫೋಟೋ ಅವರದು, ನಿಮ್ಮ ಹೊತ್ತೂ ಅವರದೇ. ಹಾಸ್ಯದ ಪಾತ್ರ ಮಾತ್ರ ಕೊನೆಗೆ ಉಳಿದವನ ಪಾಲು. ‘ಏನಾದ್ರೂ ಮಾಡಿ ನಗ್ಸಪ್ಪ’ ಎಂದು ಅವನನ್ನು ರಂಗಕ್ಕೆ ತಳ್ಳುತ್ತೇವೆ. ಅವನು ಪಾಪ, ಸಿನಿಮಾದ ನಾಲ್ಕು ಮಾತು, ಎರಡು ಅಶ್ಲೀಲ ಮಾತು ಸೇರಿಸಿ ಹೇಗೋ ಸಂಭಾಳಿಸುತ್ತಾನೆ. ಹೊತ್ತು ಮೀರಿದಾಗ ಮೊದಲು ಕತ್ತರಿ ಬೀಳುವುದೂ ಅವನ ದೃಶ್ಯಕ್ಕೇ.

ಹಾಸ್ಯನಟ ಟಿ.ಆರ್. ನರಸಿಂಹರಾಜು ಅವರ ಬದುಕನ್ನು ನೋಡಿ. 1923ರಲ್ಲಿ ತಿಪಟೂರಿನಲ್ಲಿ ಹುಟ್ಟಿದ ಹುಡುಗ ನಾಲ್ಕನೇ ವಯಸ್ಸಿಗೇ ಸಿ.ಬಿ. ಮಲ್ಲಪ್ಪನವರ ಚಂದ್ರಮೌಳೇಶ್ವರ ನಾಟಕ ಸಭಾ ಸೇರಿದ. ಪ್ರಹ್ಲಾದ, ಲೋಹಿತಾಶ್ವರಂಥ ಬಾಲಪಾತ್ರ ಮಾಡುತ್ತ ಬೆಳೆದ. ಸಿನಿಮಾ ಅವರನ್ನು ಕರೆದದ್ದು 1954ರಲ್ಲಿ, ಗುಬ್ಬಿ ಕಂಪನಿಯವರ ‘ಬೇಡರ ಕಣ್ಣಪ್ಪ’ಕ್ಕೆ. ರಾಜ್‌ಕುಮಾರ್ ನಾಯಕನಾದ ಮೊದಲ ಚಿತ್ರವೂ ಅದೇ. ಅಷ್ಟರಲ್ಲಿ ನರಸಿಂಹರಾಜು ಕಾಲು ಶತಮಾನ ರಂಗದ ಮೇಲೆ ಕಳೆದಾಗಿತ್ತು. ಸಣಕಲು ಮೈ, ಉಬ್ಬು ಹಲ್ಲು ಕಂಡು ಜನ ನಕ್ಕರು ಎನ್ನುವುದು ಅರ್ಧ ಸತ್ಯ. ಉಬ್ಬು ಹಲ್ಲಿನವರು ಊರಿಗೆ ಹತ್ತು ಜನ ಇರುತ್ತಾರೆ. ಮಾತನ್ನು ಯಾವ ಕ್ಷಣದಲ್ಲಿ ಬಿಡಬೇಕು, ಎಷ್ಟು ಹೊತ್ತು ನುಂಗಿಕೊಂಡಿರಬೇಕು ಎಂಬ ಲೆಕ್ಕ ಆ ಕಾಲು ಶತಮಾನದಲ್ಲಿ ಮೈಗೂಡಿತ್ತು.

‘ಬೇಡರ ಕಣ್ಣಪ್ಪ’ ಗೆದ್ದ ಮೇಲೂ ಕನ್ನಡದಲ್ಲಿ ಕೈತುಂಬ ಕೆಲಸವಿರಲಿಲ್ಲ. ರಾಜ್‌ಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್, ನರಸಿಂಹರಾಜು ಒಟ್ಟಾಗಿ ಕಲಾವಿದರ ಸಂಘ ಕಟ್ಟಿಕೊಂಡು ಊರೂರಿನಲ್ಲಿ ನಾಟಕ ಆಡಿದರು. 1960ರಲ್ಲಿ ‘ರಣಧೀರ ಕಂಠೀರವ’ ತೆಗೆದರು. ಕೊನೆಗಾಲದಲ್ಲಿ ನಮ್ಮ ನೆಲಮಂಗಲದ ಸೋಲದೇವನಹಳ್ಳಿಯಲ್ಲೇ ನೆಲೆಸಿದ್ದ, 2023ರ ಡಿಸೆಂಬರಿನಲ್ಲಿ ತೀರಿಕೊಂಡ ಲೀಲಾವತಿ ಅವರೂ ಆ ಚಿತ್ರದಲ್ಲಿದ್ದರು. ಅವರೂ ರಂಗದಿಂದಲೇ ಬಂದವರು. ಅಂದಿನ ಕನ್ನಡ ಸಿನಿಮಾವನ್ನು ಬದುಕಿಸಿಕೊಂಡ ಆ ನಾಲ್ವರಲ್ಲಿ ಇಬ್ಬರು ಹಾಸ್ಯನಟರು ಎನ್ನುವುದನ್ನು ನಾವು ಎಷ್ಟು ಬೇಗ ಮರೆತೆವು!

ಆ ಇಬ್ಬರಲ್ಲಿ ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರು ನಟನ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ಹಾಗಿದ್ದೂ ಮಾತಿನ ಪೆಟ್ಟಿಗೆ ಹೆಸರಾದರು. ನಿಮ್ಮ ತಾಲೀಮಿಗೆ ಬರುವ ಹುಡುಗರಿಗೆ ಇದನ್ನು ದಯವಿಟ್ಟು ಹೇಳಿ. ತನ್ನ ಮಾತು ಒಪ್ಪಿಸುವುದಕ್ಕಿಂತ ಎದುರಿನವನನ್ನು ಗಮನಿಸುವುದೇ ಹಾಸ್ಯದವನಿಗೆ ಮೊದಲ ಪಾಠ.

ಇನ್ನು ನಕ್ಷತ್ರಿಕ. 1965ರಲ್ಲಿ ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ ‘ಸತ್ಯ ಹರಿಶ್ಚಂದ್ರ’ ಚಿತ್ರದಲ್ಲಿ ಸಾಲ ವಸೂಲಿಗೆ ರಾಜನ ಬೆನ್ನು ಹತ್ತುವ ವಿಶ್ವಾಮಿತ್ರನ ಈ ಶಿಷ್ಯನ ಪಾತ್ರ ನರಸಿಂಹರಾಜು ಅವರದು. ಬಾಲ್ಯದಲ್ಲಿ ಲೋಹಿತಾಶ್ವನಾಗಿ ನಿಂತವರು ಈಗ ಅವನ ತಂದೆಯನ್ನೇ ಕಾಡುವವರಾದರು. ರಾಜ್‌ಕುಮಾರ್ ಅವರ ಹರಿಶ್ಚಂದ್ರ ಗಂಭೀರವಾಗಿ ನಿಂತಿರುತ್ತಾನೆ. ಇವನು ಒಂದು ಕ್ಷಣ ನಿಂತಲ್ಲಿ ನಿಲ್ಲುವುದಿಲ್ಲ. ಕಾಡುತ್ತಾನೆ, ಗೊಣಗುತ್ತಾನೆ, ಚುಚ್ಚುತ್ತಾನೆ. ನಾವು ನಗುತ್ತಲೇ ಇರುತ್ತೇವೆ, ಆ ನಗುವಿನ ನಡುವೆಯೇ ರಾಜನ ಸಂಕಟ ಹೆಚ್ಚುತ್ತ ಹೋಗುತ್ತದೆ. ಈ ಕಾಟವಿಲ್ಲದೆ ಹೆಂಡತಿ ಮಗನನ್ನು ಮಾರುವ ದೃಶ್ಯಕ್ಕೆ ಬಂದರೆ ಅಳು ಅಷ್ಟು ಸುಲಭಕ್ಕೆ ಬರುವುದಿಲ್ಲ. ಹರಿಶ್ಚಂದ್ರನ ಪಾತ್ರಕ್ಕೆ ಹಣ ಕಟ್ಟಿದವರು ತಮ್ಮ ಪಾತ್ರ ಗೆಲ್ಲಲಿ ಎಂಬ ಆಸೆಗಾದರೂ ಒಳ್ಳೆಯ ನಕ್ಷತ್ರಿಕನನ್ನು ಹುಡುಕಬೇಕು.

ಬಂಗಾಳದಲ್ಲಿ ಇದೇ ಕಾಲದ ಒಬ್ಬ ಹಾಸ್ಯನಟರಿದ್ದರು, ಭಾನು ಬಂದ್ಯೋಪಾಧ್ಯಾಯ. 1920ರಲ್ಲಿ ಢಾಕಾ ಸೀಮೆಯಲ್ಲಿ ಹುಟ್ಟಿ ಕಲ್ಕತ್ತೆಗೆ ಬಂದವರು. ತಮ್ಮೂರ ಕಡೆಯ ಬಂಗಾಳಿಯನ್ನೇ ರಂಗದಲ್ಲೂ ತೆರೆಯ ಮೇಲೂ ಆಡಿ ಗೆದ್ದರು. 1958ರಲ್ಲಿ ಅಲ್ಲಿನವರು ‘ಭಾನು ಪೇಲೋ ಲಾಟರಿ’ ಎಂದು ಅವರ ಹೆಸರನ್ನೇ ಚಿತ್ರಕ್ಕಿಟ್ಟರು. 1971ರಲ್ಲಿ ಮತ್ತೊಂದಕ್ಕೆ ಭಾನು ಜೊತೆಗೆ ಇನ್ನೊಬ್ಬ ಹಾಸ್ಯನಟ ಜಹರ್ ಹೆಸರೂ ಸೇರಿತು. ಹೆಸರು ಕಂಡೇ ಜನ ಟಿಕೆಟ್ ಕೊಳ್ಳುತ್ತಾರೆ ಎಂಬ ನಂಬಿಕೆ ಅದು. ನಮ್ಮಲ್ಲಿಯೂ ನರಸಿಂಹರಾಜು ಡೇಟು ಸಿಕ್ಕಿದ ಮೇಲೆಯೇ ನಿರ್ಮಾಪಕರು ನಾಯಕನ ಮನೆಗೆ ಹೋಗುತ್ತಿದ್ದರು ಎಂದು ಹೇಳುವವರಿದ್ದಾರೆ. ಆದರೂ ಶೀರ್ಷಿಕೆಯ ಪಾತ್ರ ಸಿಗುವುದು ಅಪರೂಪವಾಗಿತ್ತು. 1974ರ ‘ಪ್ರೊಫೆಸರ್ ಹುಚ್ಚೂರಾಯ’ಕ್ಕೆ ಅವರೇ ನಿರ್ಮಾಪಕರಾದರು. 250ಕ್ಕೂ ಹೆಚ್ಚು ಚಿತ್ರಗಳಲ್ಲಿ ನಗಿಸಿ, 56 ತುಂಬುವ ಮೊದಲೇ, 1979ರ ಜುಲೈನಲ್ಲಿ ಹೋಗಿಬಿಟ್ಟರು.

ಮೇಷ್ಟ್ರೇ, ಮುಂದಿನ ಸಲ ‘ಸತ್ಯ ಹರಿಶ್ಚಂದ್ರ’ ಕೈಗೆತ್ತಿಕೊಂಡಾಗ ಮೊದಲು ನಕ್ಷತ್ರಿಕನನ್ನು ಆರಿಸಿ. ಊರಿನಲ್ಲಿ ಚುರುಕು ಕಿವಿ, ಚುರುಕು ನಾಲಗೆಯ ಹುಡುಗ ಒಬ್ಬ ಇದ್ದೇ ಇರುತ್ತಾನೆ; ಹಣ ಹಾಕುವ ಶಕ್ತಿ ಇಲ್ಲದೆ ದೂರ ನಿಂತಿರುತ್ತಾನೆ. ಅವನನ್ನು ಕರೆಯಿರಿ. ಅವನು ಆಡುವ ನಮ್ಮ ಸೀಮೆಯ ಮಾತನ್ನು ತಿದ್ದಬೇಡಿ, ಹೊತ್ತನ್ನು ಮಾತ್ರ ತಿದ್ದಿಕೊಡಿ. ಹರಿಶ್ಚಂದ್ರನ ಎದುರಿಗೇ ಕೂರಿಸಿ ಇಬ್ಬರಿಗೂ ಒಟ್ಟಿಗೆ ತಾಲೀಮು ಕೊಡಿ. ಅವನ ಪಾಲಿನ ಹಣವನ್ನು ನಾಟಕ ನೋಡುವ ನಾವು ಒಟ್ಟುಗೂಡಿಸಿ ಕೊಡುತ್ತೇವೆ. ನನ್ನ ಪಾಲನ್ನು ತಾಲೀಮು ಶುರುವಾಗುವ ದಿನವೇ ತಂದುಕೊಡುತ್ತೇನೆ.

ಇತಿ ನಿಮ್ಮ,
ನಾಟಕ ನೋಡಲು ತಪ್ಪದೆ ಬರುವವನೊಬ್ಬ
ದೊಡ್ಡಬಳ್ಳಾಪುರ